ರೋಗಿ ಕೊಟ್ಟ ಇಂಜೆಕ್ಷನ್

ಕೋವಿಡ್ ಹಾವಳಿ ತಗ್ಗಿ ಆಸ್ಪತ್ರೆಗಳು ಮಾಮೂಲಿ ಸ್ಥಿತಿಗೆ ಮರಳಿದ್ದ ಕಾಲ ಅದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿ, ಆಮೇಲೆ ಸಾಫ್ಟ್‌ವೇರ್ ವಿನ್ಯಾಸದ ಕೆಲಸಕ್ಕೆ ಇಳಿದಿದ್ದ ನಾನು ಆಗ ಬೀದರಿನ ಒಂದು ಧರ್ಮಾರ್ಥ ಟ್ರಸ್ಟಿಗೆ ತಾಂತ್ರಿಕ ಸಲಹೆಗಾರ್ತಿಯಾಗಿದ್ದೆ. ಟ್ರಸ್ಟಿನ ದೊಡ್ಡ ಆಸ್ಪತ್ರೆ ಬೀದರಿನಲ್ಲಿ. ಭಾಲ್ಕಿಯಲ್ಲೊಂದು, ಔರಾದಿನಲ್ಲೊಂದು ಸಣ್ಣವು. ಮೂರಕ್ಕೂ ಒಂದೇ ಸಾಫ್ಟ್‌ವೇರ್. ನಾನು ಸೇರುವ ಮೊದಲೇ ಹೈದರಾಬಾದಿನ ಕಂಪನಿಯೊಂದು ಅದನ್ನು ತಂದು ಕೂರಿಸಿತ್ತು. ಬೀದರಿನ ಆಸ್ಪತ್ರೆಯ ಬಾಗಿಲಲ್ಲಿ ‘ಕಾಗದರಹಿತ ಆಸ್ಪತ್ರೆ’ ಎಂಬ ಫಲಕ ತೂಗುತ್ತಿತ್ತು. ಹಾಜರಿ ಪುಸ್ತಕ, ಡ್ಯೂಟಿ ಪುಸ್ತಕ, ವಾರ್ಡಿನ ಔಷಧಿ ಪುಸ್ತಕ ಎಲ್ಲವನ್ನೂ ರದ್ದಿಗೆ ಹಾಕಿಬಿಟ್ಟಿದ್ದರು. ಹಾಜರಿಗೆ ಯಂತ್ರದ ಮೇಲೆ ಬೆರಳಿಡಬೇಕಿತ್ತು.

ಈ ಘಟನೆಯನ್ನು ಶಾಂತವಾಗಿ ಬರೆಯಬೇಕೆಂದು ಹಲವು ಸಲ ಕುಳಿತಿದ್ದೇನೆ. ಆಗಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಟ್ರಸ್ಟಿನ ಕಾರ್ಯದರ್ಶಿ ಡಾ. ದೇಶಮುಖ ಒಂದು ಮುಂಜಾನೆ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅವರು ಸ್ವತಃ ಒಳ್ಳೆಯ ಸರ್ಜನ್. ಊರಿನಲ್ಲಿ ಅವರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ನನ್ನ ಮುಂದೆ ಒಂದು ವಿಚಾರಣಾ ವರದಿಯನ್ನಿಟ್ಟು, “ವೈಶಾಲಿಬಾಯಿ, ಸಾಫ್ಟ್‌ವೇರಿಂದು ಎಲ್ಲಾ ಬರೋಬ್ಬರಿ ಅದ ಅಂತ ಎರಡ ಸಾಲ ಬರದ್ ಸಹಿ ಮಾಡ್ರಿ, ಸಾಕು” ಎಂದರು. ಓದದೆ ಸಹಿ ಮಾಡುವ ಅಭ್ಯಾಸ ನನಗಿಲ್ಲವೆಂದು ಹೇಳಿ ವರದಿಯನ್ನು ಮನೆಗೆ ಒಯ್ದೆ.

ವರದಿಯಲ್ಲಿದ್ದದ್ದು ಇಷ್ಟು. ಭಾಲ್ಕಿಯ ಆಸ್ಪತ್ರೆಯಲ್ಲಿ ನ್ಯುಮೋನಿಯಾಕ್ಕೆ ದಾಖಲಾಗಿದ್ದ ಸಾಯಗಾಂವದ ಒಬ್ಬ ಹಿರಿಯರು ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ತೀವ್ರ ಅಲರ್ಜಿಯಿಂದ ಕುಸಿದಿದ್ದರು. ಬೀದರಿಗೆ ಸಾಗಿಸಿದರೂ ಉಳಿಯಲಿಲ್ಲ. ಆಗಿದ್ದು ಏನೆಂದು ಅವರ ಮಕ್ಕಳು ಕೇಳಿದರು; ಕೇಳುವುದು ಅವರ ಹಕ್ಕು. ಇಂಜೆಕ್ಷನ್ನಿಗೆ ಮೊದಲು ಚರ್ಮದ ಕೆಳಗೆ ಸ್ವಲ್ಪವೇ ಔಷಧಿ ಕೊಟ್ಟು ಅಲರ್ಜಿ ಇದೆಯೇ ಎಂದು ನೋಡುತ್ತಾರೆ. ಅದಕ್ಕೆ ಟೆಸ್ಟ್ ಡೋಸ್ ಎನ್ನುತ್ತಾರೆ. ಟೆಸ್ಟ್ ಡೋಸ್ ಆಗಿದೆ, ಅಲರ್ಜಿ ಕಂಡಿಲ್ಲ, ಆಮೇಲೆ ಪೂರ್ತಿ ಇಂಜೆಕ್ಷನ್ ಕೊಡಲಾಗಿದೆ ಎಂದು ಸಾಫ್ಟ್‌ವೇರಿನಲ್ಲಿ ದಾಖಲಾಗಿತ್ತು. ಎರಡನ್ನೂ ಕೊಟ್ಟವರ ಹೆಸರು ಮಹಾದೇವಿ, ಭಾಲ್ಕಿಯ ಸ್ಟಾಫ್ ನರ್ಸ್. ಆದರೆ ಆ ಹೆಸರಿನ ಪಕ್ಕದಲ್ಲಿ, ಹುದ್ದೆ ಇರಬೇಕಾದ ಜಾಗದಲ್ಲಿ, ‘ರೋಗಿ’ ಎಂದಿತ್ತು. ಆಸ್ಪತ್ರೆ ಎಂಬಲ್ಲಿ ‘ಔರಾದ’ ಎಂದಿತ್ತು.

ಟ್ರಸ್ಟಿನ ವಿಚಾರಣಾ ಸಮಿತಿ ಸಾಫ್ಟ್‌ವೇರಿನಿಂದ ಆ ತಿಂಗಳ ಸಿಬ್ಬಂದಿ ಹಾಜರಿಯನ್ನೂ ತೆಗೆಸಿತ್ತು. ಅದರಲ್ಲಿ ಮಹಾದೇವಿಯ ಹೆಸರೇ ಇರಲಿಲ್ಲ. ಅದಕ್ಕೂ ತಿಂಗಳುಗಳ ಹಿಂದಿನಿಂದ ಆಕೆ ಔರಾದಿನ ಆಸ್ಪತ್ರೆಯಲ್ಲಿ ಗರ್ಭಿಣಿಯಾಗಿ ನೋಂದಾಯಿತ ರೋಗಿ. ಅಲ್ಲಿಗೆ ಸಮಿತಿ ತೀರ್ಮಾನಿಸಿತ್ತು: ಆಕೆ ಮನೆಯಲ್ಲಿ ಕುಳಿತು ಸಂಬಳ ಪಡೆದಿದ್ದಾಳೆ, ಪಾಸ್‌ವರ್ಡನ್ನು ತರಬೇತಿಯಿಲ್ಲದ ಯಾರಿಗೋ ಕೊಟ್ಟಿದ್ದಾಳೆ, ಆ ಯಾರೋ ಕೊಟ್ಟ ಇಂಜೆಕ್ಷನ್ನಿನಿಂದ ಒಂದು ಜೀವ ಹೋಗಿದೆ. ಶಿಫಾರಸು: ಕೆಲಸದಿಂದ ವಜಾ, ನರ್ಸಿಂಗ್ ನೋಂದಣಿ ರದ್ದುಪಡಿಸಲು ಪತ್ರ, ಪೊಲೀಸರಿಗೆ ದೂರು. ಈ ವರದಿ ತಯಾರಾಗುವ ಹೊತ್ತಿಗೆ ಮಹಾದೇವಿ ಬಾಣಂತಿ; ಆಕೆಯನ್ನು ಆಗಲೇ ಅಮಾನತಿನಲ್ಲಿಟ್ಟಿದ್ದರು.

ಆಸ್ಪತ್ರೆಯಲ್ಲಿ ಆಕೆ ಇದ್ದಳೋ ಇಲ್ಲವೋ ಎಂಬುದನ್ನು ಅಲ್ಲಿನ ಮನುಷ್ಯರನ್ನೇ ಕೇಳೋಣವೆಂದು ನಾನು ಭಾಲ್ಕಿಗೆ ಹೋದೆ. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನು ಔಷಧಿ ಕೋಣೆಯೊಳಗೆ ಕರೆದು ದನಿ ತಗ್ಗಿಸಿ ಹೇಳಿದರು: “ಇದ್ದಳ್ರಿ. ನಾನೇ ಅಕಿನ ಬಾಜೂಕ ನಿಂತಿದ್ದೆ. ಟೆಸ್ಟ್ ಡೋಸ್ ಕೊಟ್ಟು ಗಡಿಯಾರ ನೋಡ್ಕೋತ ಕುಂತಿದ್ಳು.”

“ಇದನ್ನ ಸಮಿತಿ ಮುಂದ ಯಾಕ ಹೇಳಲಿಲ್ರಿ?”

“ಸಿಸ್ಟಮ್ನ್ಯಾಗ ಇಲ್ಲ ಅಂತ ಕಾಗದ ತೋರಿಸಿದ್ರು. ಇದ್ಳು ಅಂದ್ರ ನೀನೂ ಅಕಿ ಜೋಡಿ ಶಾಮೀಲಾಗೀದಿ ಅಂದ್ರು. ನನಗೂ ಮನಿ ಅದ, ಮಕ್ಳ ಅದಾರ್ರಿ.”

ಇಂಜೆಕ್ಷನ್ ಬರೆದುಕೊಟ್ಟ ಡ್ಯೂಟಿ ಡಾಕ್ಟರಂತೂ ನನ್ನ ಮುಖ ನೋಡದೆ “ನೆನಪಿಲ್ಲ ಮೇಡಮ್” ಎಂದರು. ತಾವು ಬರೆದ ಔಷಧಿ ನೆನಪಿದೆ, ಕುಸಿದ ರೋಗಿ ನೆನಪಿದ್ದಾರೆ, ಪಕ್ಕದಲ್ಲಿ ನಿಂತು ಆಮ್ಲಜನಕ ಕೊಟ್ಟ ನರ್ಸ್ ಮಾತ್ರ ನೆನಪಿಲ್ಲ! ಕಣ್ಣಾರೆ ಕಂಡದ್ದನ್ನು ಪರದೆಯ ಮೇಲಿನ ಒಂದು ಪದಕ್ಕೆ ಹೆದರಿ ನುಂಗಿಕೊಂಡ ಓದಿದ ಜನರ ಮೇಲೆ ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮರುದಿನ ಮಹಾದೇವಿಯನ್ನು ಕಾಣಲು ಆಕೆಯ ಊರು ಸಂತಪುರಕ್ಕೆ ಹೋದೆ. ಮಹಾದೇವಿಯ ಗಂಡ ಬೀರಪ್ಪನ ಮನೆತನದವರು ಕುರಿ ಸಾಕುವವರು. ಜೊತೆಗೆ ಮಳೆ ನಂಬಿದ ಹೊಲ. ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಬೀರಪ್ಪ, “ದವಾಖಾನಿಯವರೇನ್ರಿ? ಮತ್ತೇನ್ ಬರೆಸ್ಕೊಳ್ಳಾಕ ಬಂದೀರಿ?” ಎಂದ. ಅವನ ದನಿಯಲ್ಲಿ ಬೈಗುಳಕ್ಕಿಂತ ಹೆಚ್ಚು ದಣಿವಿತ್ತು. ಟ್ರಸ್ಟಿನ ಕಡೆಯ ಯಾರೋ ಬಂದು, ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಪೊಲೀಸರ ತನಕ ಹೋಗುವುದಿಲ್ಲವೆಂದು ಹೇಳಿ ಹೋಗಿದ್ದರಂತೆ. ನಾನು ಬರೆಸಿಕೊಳ್ಳಲು ಬಂದಿಲ್ಲ, ಕೇಳಲು ಬಂದಿದ್ದೇನೆ ಎಂದ ಮೇಲೆ ಒಳಗೆ ಬಿಟ್ಟ.

ತಲೆಗೆ ಬಟ್ಟೆ ಸುತ್ತಿಕೊಂಡು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ ಮಹಾದೇವಿ ನನ್ನನ್ನು ನೇರವಾಗಿ ನೋಡಿ ಕೇಳಿದಳು: “ಆ ಅಜ್ಜಾರು ಸತ್ತಾರಂತ ನನಗ ದುಃಖ ಇಲ್ಲಂದೀರೇನ್ರಿ? ಅವರ ಕೈ ಹಿಡಕೊಂಡಾಕಿನೇ ನಾನು. ಈಗ ನಾ ಅಲ್ಲಿ ಇದ್ದೇ ಇಲ್ಲ ಅಂತಾರ. ಹ್ಯಾಂಗ ಅಂತೀರಿ ಹಂಗ?”

ನಾನು ಒಂದೊಂದಾಗಿ ಕೇಳುತ್ತಾ ಹೋದೆ. ಆಕೆ ಭಾಲ್ಕಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಡ್ಯೂಟಿ ಮಾಡುತ್ತಿದ್ದಳು. ರಜೆಯ ದಿನ ಊರಿಗೆ ಬಂದಾಗ ಹತ್ತಿರದ ಔರಾದಿನಲ್ಲಿ ಗರ್ಭಿಣಿ ತಪಾಸಣೆ ಮಾಡಿಸಿಕೊಳ್ಳುತ್ತಿದ್ದಳು. ಹೆರಿಗೆಯೂ ಅಲ್ಲೇ ಆಯಿತು.

“ಈ ನಡುವ ಕಂಪ್ಯೂಟರ್‌ದಾಗ ಏನರ ತ್ರಾಸ ಆಗಿತ್ತೇನು?” ಎಂದೆ.

“ಆಗ್ತಿತ್ರಿ. ತಪಾಸಣಿ ಮಾಡಿಸ್ಕೊಂಡು ಹೋದಾಗೆಲ್ಲಾ ಭಾಲ್ಕಿಯಾಗ ನನ್ನ ಲಾಗಿನ್ ಆಗ್ತಿರಲಿಲ್ರಿ. ನೀವು ಸಿಬ್ಬಂದಿ ಅಲ್ಲ ಅಂತ ಬರ್ತಿತ್ತು. ಆಪರೇಟರ್‌ಗ ಹೇಳಿದ್ರ ಅವರು ಏನೋ ಒತ್ತಿ ಸರಿ ಮಾಡಿ ಕೊಡ್ತಿದ್ರು.”

ನನಗೆ ಅಲ್ಲಿಗೇ ಎಲ್ಲಾ ಹೊಳೆಯಿತು. ಓದುಗರಿಗೂ ಇದನ್ನು ಬಿಡಿಸಿ ಹೇಳಬೇಕು.

ಮನೆ ಕಟ್ಟುವ ಮೊದಲು ನಕ್ಷೆ ಬರೆಯುವ ಹಾಗೆ ಸಾಫ್ಟ್‌ವೇರಿಗೂ ನಕ್ಷೆ ಬರೆಯುತ್ತೇವೆ. ಆ ನಕ್ಷೆ ಬರೆಯಲು ಗೊತ್ತಾದ ಗುರುತುಗಳೂ ನಿಯಮಗಳೂ ಇರುತ್ತವೆ. ಅದನ್ನು ಮಾಡೆಲಿಂಗ್ ಲ್ಯಾಂಗ್ವೇಜ್ ಎನ್ನುತ್ತಾರೆ. ರೂಢಿಯ ನಕ್ಷೆಯಲ್ಲಿ ಪ್ರತಿಯೊಂದಕ್ಕೂ ಒಂದು ಚೌಕ. ಸಿಬ್ಬಂದಿಯ ಚೌಕ, ರೋಗಿಯ ಚೌಕ. ಮಂಚ, ಕುರ್ಚಿ, ಔಷಧಿ ಬಾಟಲಿಗಳಿಗೆ ಇಷ್ಟು ಸಾಕು. ಮಂಚ ಸಂಜೆಗೆ ಕುರ್ಚಿಯಾಗುವುದಿಲ್ಲ. ಮನುಷ್ಯರು ಹಾಗಲ್ಲ. ಒಬ್ಬಳೇ ಹೆಂಗಸು ಭಾಲ್ಕಿಯ ವಾರ್ಡಿನಲ್ಲಿ ನರ್ಸ್, ಔರಾದಿನ ಹೆರಿಗೆ ವಿಭಾಗದಲ್ಲಿ ರೋಗಿ, ನಾಳೆ ಅತ್ತೆಗೆ ಜ್ವರ ಬಂದರೆ ಬೀದರಿನಲ್ಲಿ ರೋಗಿಯ ಕಡೆಯವಳು. ಮೂರೂ ಏಕಕಾಲಕ್ಕೆ ನಿಜ. ಇಂಥ ಕಡೆಗೆಂದೇ ರೋಲ್-ಬೇಸ್ಡ್ ಮಾಡೆಲಿಂಗ್ ಎಂಬ ಬಗೆಯ ಭಾಷೆಗಳಿವೆ. ಅವುಗಳಲ್ಲಿ ವ್ಯಕ್ತಿ ಬೇರೆ, ವ್ಯಕ್ತಿ ವಹಿಸುವ ಪಾತ್ರ ಬೇರೆ, ಆ ಪಾತ್ರಕ್ಕೆ ಅರ್ಥ ಕೊಡುವ ಸಂದರ್ಭ ಬೇರೆ. ಪಾತ್ರ ಬರುತ್ತದೆ, ಹೋಗುತ್ತದೆ. ವ್ಯಕ್ತಿ ಹಾಗೇ ಉಳಿಯುತ್ತಾಳೆ. ಯಾವ ಪಾತ್ರಗಳು ಒಟ್ಟಿಗೆ ಇರಬಹುದು, ಯಾವುವು ಇರಬಾರದು ಎಂಬುದನ್ನೂ ನಕ್ಷೆಯಲ್ಲೇ ಬರೆಯಬಹುದು.

ಹೈದರಾಬಾದಿನ ಕಂಪನಿ ಇದ್ಯಾವುದರ ಗೊಡವೆಗೂ ಹೋಗಿರಲಿಲ್ಲ. ಆಧಾರ್ ನಂಬರಿನ ಮೇಲೆ ಒಬ್ಬ ಮನುಷ್ಯನಿಗೆ ಒಂದೇ ದಾಖಲೆ, ಅದರಲ್ಲಿ ಒಂದೇ ಬಗೆ: ಸಿಬ್ಬಂದಿ ಅಥವಾ ರೋಗಿ. ಔರಾದಿನ ಕೌಂಟರಿನಲ್ಲಿ ಮಹಾದೇವಿಯ ಹೆಸರು ಬರೆಸಿದ ಕೂಡಲೇ ಸಿಬ್ಬಂದಿ ಅಳಿಸಿ ರೋಗಿ ಆಗುತ್ತಿತ್ತು. ಭಾಲ್ಕಿ ಅಳಿಸಿ ಔರಾದ ಆಗುತ್ತಿತ್ತು. ಆಪರೇಟರ್ ತಿದ್ದಿದರೆ ಮತ್ತೆ ಸಿಬ್ಬಂದಿ. ಹೆರಿಗೆಯಾದ ಮೇಲೆ ತಿದ್ದುವವರಿರಲಿಲ್ಲ, ರೋಗಿ ಎಂದೇ ಉಳಿಯಿತು. ಹಳೆಯ ಕೆಲಸದ ದಾಖಲೆಗಳು ಆಕೆ ಅಂದು ಏನಾಗಿದ್ದಳು ಎಂಬುದನ್ನು ಹೇಳುತ್ತಲೇ ಇರಲಿಲ್ಲ. ಇಂದು ಏನಾಗಿದ್ದಾಳೋ ಅದನ್ನೇ ಹಿಂದಿನದಕ್ಕೂ ಅಂಟಿಸಿ ತೋರಿಸುತ್ತಿದ್ದವು. ಸಿಬ್ಬಂದಿ ಹಾಜರಿ ತೆಗೆದರೆ ರೋಗಿಗಳ ಬೆರಳಚ್ಚು ಅದರಲ್ಲಿ ಬರುವುದಿಲ್ಲ. ಹೀಗೆ, ಹೆರಿಗೆಗೆಂದು ಆಸ್ಪತ್ರೆಗೆ ಹೋದ ತಪ್ಪಿಗೆ ಒಬ್ಬ ನರ್ಸಿನ ತಿಂಗಳುಗಟ್ಟಲೆ ದುಡಿಮೆ ಅಳಿಸಿಹೋಗಿತ್ತು.

ವಾಪಸು ಬರುವಾಗ ಔರಾದಿನ ಬಸ್ ನಿಲ್ದಾಣದಲ್ಲಿ ನಿಂತು ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಶ್ರೀಕಾಂತ್‌ಗೆ ಫೋನ್ ಮಾಡಿದೆ. ಆತ ಎಲ್ಲಾ ಕೇಳಿಸಿಕೊಂಡು ತಣ್ಣಗೆ, “ಅದು ನಮಗೆ ಗೊತ್ತಿರೋ ಇಶ್ಯೂನೇ ಮೇಡಮ್. ಬೇರೆ ಕಡೆಯಿಂದಲೂ ಕಂಪ್ಲೇಂಟ್ ಬಂದಿದೆ. ಮುಂದಿನ ವರ್ಷನ್‌ನಲ್ಲಿ ನೋಡ್ತೀವಿ” ಎಂದ.

“ಗೊತ್ತಿತ್ತಾ? ಹಾಗಾದರೆ ವಿಚಾರಣಾ ಸಮಿತಿಗೆ ರಿಪೋರ್ಟ್ ತೆಗೆದುಕೊಡುವಾಗ ಯಾಕೆ ಹೇಳಲಿಲ್ಲ?”

“ಅವರು ರಿಪೋರ್ಟ್ ಕೇಳಿದ್ರು, ಕೊಟ್ವಿ. ಇಶ್ಯೂ ಇದೆಯಾ ಅಂತ ಕೇಳ್ಲಿಲ್ಲ.”

ಸುತ್ತಲಿನ ಜನ ತಿರುಗಿ ನೋಡುವಷ್ಟು ಜೋರಾಗಿ ನಾನು ಅವನಿಗೆ ಬೈದೆ. ಏನು ಬೈದೆನೆಂಬುದನ್ನು ಇಲ್ಲಿ ಬರೆಯಲಾರೆ. ಅದರಲ್ಲಿ ಅರ್ಧ ಮರಾಠಿ, ಅರ್ಧ ದಖ್ಖನಿ ಇತ್ತು. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ.

ಸಮಿತಿಯ ಕೊನೆಯ ಸಭೆ ಬೀದರಿನಲ್ಲಿ ಸೇರಿತು. ದೇಶಮುಖರು ಅಧ್ಯಕ್ಷರು, ಜೊತೆಗೆ ಟ್ರಸ್ಟಿನ ಇಬ್ಬರು ಸದಸ್ಯರು; ಶ್ರೀಕಾಂತನನ್ನೂ ಕರೆಸಿದ್ದರು. ನಾನು ನಕ್ಷೆ ಬರೆದು ವಿವರಿಸತೊಡಗಿದೆ. ಎರಡನೆಯ ಚೌಕ ಬರೆಯುವಷ್ಟರಲ್ಲಿ ದೇಶಮುಖರು ಕೈ ಎತ್ತಿದರು.

“ಬಾಯಿ, ಇದೆಲ್ಲಾ ನಿಮ್ಮ ಥಿಯರಿ. ಮಷಿನ್‌ಗ ಯಾರ ಮ್ಯಾಲೂ ದ್ವೇಷ ಇರಂಗಿಲ್ಲ. ಇದ್ದದ್ದು ಇದ್ದಂಗ ತೋರಸ್ತದ.”

“ಹಾಂಗಾದ್ರ ಸರ್, ನೀವು ಜರಾ ಕೆಳಗ ಹೋಗಿ ಕೌಂಟರ್‌ನ್ಯಾಗ ನಿಮ್ಮ ಹೆಸರ ಬರೆಸಿ ಬಿ.ಪಿ. ನೋಡಿಸ್ಕೊಂಡು ಬರ್ರಿ. ಎಲ್ಲಾರಂಗ ಬರೆಸ್ರಿ, ಆಧಾರ್ ನಂಬರ್ ಹೇಳ್ರಿ.”

“ನಾ ಯಾಕ್ರಿ?”

“ಮಷಿನ್ ಮ್ಯಾಲ ಭರೋಸಾ ಅದ ಅಂದ್ರಲ್ಲ, ಅದಕ್ಕ.”

ಇದನ್ನು ಪರೀಕ್ಷೆಗೆಂದು ಇಟ್ಟ ಸಾಫ್ಟ್‌ವೇರಿನ ಬೇರೆ ಪ್ರತಿಯಲ್ಲಿ ತೋರಿಸಬಹುದಿತ್ತು. ತೋರಿಸಿದ್ದರೆ ಅದು ಬರೀ ಡೆಮೊ ಎಂದು ತಳ್ಳಿಹಾಕುತ್ತಿದ್ದರು. ಶ್ರೀಕಾಂತ್ ಕುರ್ಚಿಯಿಂದ ಅರ್ಧ ಎದ್ದು, “ಸರ್, ಬೇಡ...” ಎಂದು ತೊದಲಿದ. ಬಹುಶಃ ಆ ‘ಬೇಡ’ ಎಂಬ ಮಾತೇ ದೇಶಮುಖರನ್ನು ಎಬ್ಬಿಸಿರಬೇಕು. ಅವನನ್ನೊಮ್ಮೆ ದಿಟ್ಟಿಸಿ, ಸಿಟ್ಟಿನಿಂದಲೇ ಕೆಳಗಿಳಿದು ಹೋದರು.

ಅವರು ಬಿ.ಪಿ. ನೋಡಿಸಿಕೊಂಡು ಮೇಲೆ ಬಂದಾಗ ನಾನು ಗೋಡೆಯ ದೊಡ್ಡ ಪರದೆಯ ಮೇಲೆ ಅದೇ ವರ್ಷದ ಶಸ್ತ್ರಚಿಕಿತ್ಸೆಗಳ ವರದಿ ತೆರೆದೆ. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು. ಪ್ರತಿಯೊಂದರ ಮುಂದೆಯೂ ಸರ್ಜನ್ ಎಂಬಲ್ಲಿ ದೇಶಮುಖರ ಹೆಸರು, ಅದರ ಪಕ್ಕದಲ್ಲಿ ‘ರೋಗಿ’. ಆಮೇಲೆ ಹಾಜರಿ ತೆರೆದೆ. ಅವರ ಹೆಸರಿರಲಿಲ್ಲ. ಅಂದು ಬೆಳಿಗ್ಗೆ ಅವರು ಬೆರಳಿಟ್ಟು ಒಳಗೆ ಬಂದದ್ದೂ ಇರಲಿಲ್ಲ.

ದೇಶಮುಖರು ನಿಂತೇ ಇದ್ದರು.

“ಸರ್, ಇಷ್ಟೆಲ್ಲಾ ಆಪರೇಷನ್ ಯಾರ್ ಮಾಡ್ಯಾರ್ರಿ?” ಎಂದೆ. “ನಿಮ್ಮ ಪಾಸ್‌ವರ್ಡ್ ಯಾರಿಗಿ ಕೊಟ್ಟಿದ್ರಿ?”

ಅವರ ಮುಖ ಕೆಂಪಾಯಿತು. “ಏನ್ ಮಾತಂತ ಆಡ್ತೀರಿ? ಇಡೀ ಬೀದರಿಗೇ ಗೊತ್ತದ ನಾ ಮಾಡೀನಿ ಅಂತ!”

“ಮಹಾದೇವಿ ಇಂಜೆಕ್ಷನ್ ಮಾಡ್ಯಾಳಂತ ಇಡೀ ಭಾಲ್ಕಿ ದವಾಖಾನಿಗಿ ಗೊತ್ತದ ಸರ್. ಅಕಿಗಿ ಮಾತ್ರ ಈ ಪರದೆ ಸಾಕ್ಷಿ, ನಿಮಗ ಊರೇ ಸಾಕ್ಷಿ. ಇದು ಹ್ಯಾಂಗ?”

ಅವರಿಗೆ ಈ ತೊಂದರೆ ಇಷ್ಟು ದಿನ ಯಾಕೆ ಬಂದಿರಲಿಲ್ಲ ಎಂಬುದು ನನಗೆ ಅಲ್ಲೇ ನಿಂತಾಗ ಅರ್ಥವಾಯಿತು. ದೊಡ್ಡ ಡಾಕ್ಟರುಗಳು ಜ್ವರ ಬಂದರೆ ಕೌಂಟರಿನಲ್ಲಿ ನಿಲ್ಲುವುದಿಲ್ಲ. ಗೆಳೆಯರ ಕೋಣೆಗೆ ನೇರವಾಗಿ ಹೋಗಿ ಔಷಧಿ ಪಡೆಯುತ್ತಾರೆ. ಸಾಲಿನಲ್ಲಿ ನಿಂತು ಹೆಸರು ಬರೆಸುವವರು ನರ್ಸುಗಳು, ಲ್ಯಾಬಿನವರು, ಕಸ ಗುಡಿಸುವವರು. ಅಳಿಸಿಹೋಗುತ್ತಿದ್ದವರೂ ಅವರೇ. ಅವರ ದೂರನ್ನು ಕಂಪನಿ ‘ಗೊತ್ತಿರೋ ಇಶ್ಯೂ’ ಎಂದು ಕರೆದು ಕೈತೊಳೆದುಕೊಂಡಿತ್ತು.

ಸಮಿತಿ ತನ್ನ ಶಿಫಾರಸನ್ನು ತಡೆಹಿಡಿದು, ಹೊರಗಿನ ವೈದ್ಯಕೀಯ ತಜ್ಞರೊಬ್ಬರನ್ನು ಕರೆಸಿ ಪ್ರಕರಣವನ್ನು ಮತ್ತೆ ನೋಡಿಸಿತು. ಭಾಲ್ಕಿಯ ಹಿರಿಯ ಸಿಸ್ಟರ್ ಈಗ ಧೈರ್ಯವಾಗಿ ಸಾಕ್ಷಿ ಹೇಳಿದರು. ಟೆಸ್ಟ್ ಡೋಸ್ ಸರಿಯಾಗಿ ಆಗಿತ್ತು. ಅದರಲ್ಲಿ ಏನೂ ಕಾಣದೆ, ಪೂರ್ತಿ ಔಷಧಿಗೆ ಮೈ ತಿರುಗಿಬೀಳುವುದು ಅಪರೂಪವಾದರೂ ಉಂಟು. ನರ್ಸಿನ ಲೋಪವಿಲ್ಲ ಎಂದು ತಜ್ಞರು ಬರೆದರು. ಸಾಯಗಾಂವದ ಆ ಮನೆಗೂ ಹೋಗಿ ಇದನ್ನು ಹೇಳಬೇಕೆಂದು ನಾನು ಹಟ ಹಿಡಿದೆ. ದೇಶಮುಖರು ತಾವೇ ಹೋದರು. ಅದೊಂದನ್ನು ಮೆಚ್ಚಿಕೊಳ್ಳುತ್ತೇನೆ.

ಆದರೆ ಮಹಾದೇವಿಗೆ ಕಳಿಸಿದ ಆದೇಶದಲ್ಲಿ ಏನು ಬರೆದಿದ್ದರು? ‘ತಾಂತ್ರಿಕ ಗೊಂದಲ ಹಾಗೂ ಬಾಣಂತಿ ಎಂಬ ಮಾನವೀಯ ಅಂಶಗಳನ್ನು ಪರಿಗಣಿಸಿ, ಸದರಿ ಸಿಬ್ಬಂದಿಯನ್ನು ಕ್ಷಮಿಸಿ, ಕೆಲಸಕ್ಕೆ ಮರಳಲು ಅನುಮತಿಸಲಾಗಿದೆ.’ ಮಹಾದೇವಿ ಅದನ್ನು ಓದಿ ಫೋನ್ ಮಾಡಿದಳು.

“ಮೇಡಮ್ನೋರ, ಗುನ್ಹಾ ಮಾಡಿದವರಿಗಿ ಮಾಫಿ ಕೊಡ್ತಾರ. ನಾ ಏನ್ ಗುನ್ಹಾ ಮಾಡೀನ್ರಿ? ಈ ಮಾಫಿ ನನಗ ಬ್ಯಾಡ. ಇದನ್ನ ತಗೊಂಡು ನಾ ಡ್ಯೂಟಿಗಿ ಬರಂಗಿಲ್ಲ.”

ಆಕೆಗೆ ಕೆಲಸ ಬೇಕಿತ್ತು. ಹಾಗಿದ್ದೂ ಆ ಆದೇಶವನ್ನು ಒಪ್ಪಲಿಲ್ಲ. ಕೂಸನ್ನು ಕಟ್ಟಿಕೊಂಡು ಬಸ್ ಹತ್ತಿ ಬೀದರಿಗೆ ಬಂದು, ದೇಶಮುಖರ ಕೋಣೆಯಲ್ಲಿ ನನ್ನ ಎದುರಿಗೇ ಆದೇಶದ ಕಾಗದವನ್ನು ಮೇಜಿನ ಮೇಲಿಟ್ಟಳು. “ಅವತ್ತು ನಾ ಡ್ಯೂಟಿ ಮ್ಯಾಲ ಇದ್ದೆ, ನನ್ನ ಕೆಲಸ ಬರೋಬ್ಬರಿ ಮಾಡೀನಿ. ಇಷ್ಟ ಬರೀರಿ ಸರ್. ಹೆಚ್ಚಿಂದು ಏನೂ ಬ್ಯಾಡ.”

“ನೌಕರಿ ವಾಪಸ್ ಕೊಟ್ಟೇವಲ್ಲ ತಂಗಿ, ಶಬ್ದಕ್ಕ್ಯಾಕ ಹಟ?” ಎಂದರು ದೇಶಮುಖರು.

“ಒಂದ ಶಬ್ದಕ್ಕ ಅಲ್ಲೇನ್ರಿ ನನ್ನ ಹೊರಗ ಹಾಕಿದ್ದು?”

ದೇಶಮುಖರು ಟೈಪಿಸ್ಟನ್ನು ಕರೆದು ಆಕೆ ಹೇಳಿದ ಹಾಗೇ ಬರೆಸಿ ಸಹಿ ಮಾಡಿದರು. ಕ್ಷಮೆ ಕೇಳಲಿಲ್ಲ, ಆಕೆಯ ಮುಖ ನೋಡಲಿಲ್ಲ. ಮಹಾದೇವಿ ಎರಡು ಸಲ ಓದಿ, ಮಡಚಿ, “ಬರ್ತೇನ್ರಿ” ಎಂದು ಹೊರಟಳು. ಬಾಣಂತನದ ರಜೆ ಮುಗಿದ ಮೇಲೆ ಭಾಲ್ಕಿಯಲ್ಲಿ ಡ್ಯೂಟಿಗೆ ಹಾಜರಾದಳು.

ನನ್ನ ಜಗಳ ಆಗ ಶುರುವಾಯಿತು. ಶ್ರೀಕಾಂತನ ಪರಿಹಾರ ಸುಲಭದ್ದು: ಇನ್ನೊಂದು ಕಾಲಮ್ ಸೇರಿಸಿ ‘ಬಗೆ ಎರಡು’ ಎಂದು ಹೆಸರಿಡುವುದು. “ಮತ್ತೆ ಅದೇ ನರ್ಸ್ ತನ್ನ ಅತ್ತೆಯ ಜೊತೆ ಬಂದರೆ ಬಗೆ ಮೂರಾ?” ಎಂದು ಕೇಳಿದೆ. ಆತ ಹೌದೆಂದ! ಬುಡದಿಂದಲೇ ನಕ್ಷೆ ಹೊಸದಾಗಿ ಬರೆಯದಿದ್ದರೆ ನಾನು ಟ್ರಸ್ಟ್ ಬಿಡುತ್ತೇನೆ, ಬಿಡುವ ಕಾರಣವನ್ನು ಮೂರೂ ಆಸ್ಪತ್ರೆಗಳ ಸಿಬ್ಬಂದಿಗೆ ತಿಳಿಸಿಯೇ ಬಿಡುತ್ತೇನೆ ಎಂದು ದೇಶಮುಖರಿಗೆ ಹೇಳಿದೆ. ಅವರು ಗೊಣಗುತ್ತಲೇ ಒಪ್ಪಿದರು.

ರೋಲ್-ಬೇಸ್ಡ್ ನಕ್ಷೆಯನ್ನು ನಾನು ನನ್ನ ಕೋಣೆಯಲ್ಲಿ ಕುಳಿತು ಬರೆಯಲಿಲ್ಲ. ಭಾಲ್ಕಿ, ಔರಾದಗಳಿಗೆ ಹೋಗಿ ಸಿಬ್ಬಂದಿಯ ಜೊತೆ ಕುಳಿತು ಬರೆದೆ. ಯಾರು ಎಲ್ಲಿ ಏನಾಗಿರುತ್ತಾರೆ ಎಂದು ಕೇಳುತ್ತಾ ಹೋದಂತೆ ವಿಚಿತ್ರಗಳು ಹೊರಬಿದ್ದವು. ಔರಾದಿನ ಮುಖ್ಯ ವೈದ್ಯರು ವಾರಕ್ಕೊಮ್ಮೆ ಭಾಲ್ಕಿಗೆ ಅರಿವಳಿಕೆ ಕೊಡಲು ಬರುತ್ತಿದ್ದರು. ಅಲ್ಲಿ ಅವರು ಮುಖ್ಯಸ್ಥರಲ್ಲ, ಅತಿಥಿ. ರಕ್ತ ಕೊಡುವ ವಾರ್ಡ್‌ಬಾಯ್ ಆ ಗಳಿಗೆಗೆ ದಾನಿ. ಪ್ರತಿ ಪಾತ್ರಕ್ಕೂ ಅದರ ಸಂದರ್ಭ ಕೊಟ್ಟೆವು. ಯಾವ ಕೆಲಸ ದಾಖಲಾದರೂ ಅದನ್ನು ಮಾಡಿದಾಗ ವ್ಯಕ್ತಿ ವಹಿಸಿದ್ದ ಪಾತ್ರ ಅದರ ಜೊತೆಗೇ ಶಾಶ್ವತವಾಗಿ ಉಳಿಯುವ ಹಾಗೆ ಮಾಡಿದೆವು. ಮಹಾದೇವಿ ಒಂದು ಪ್ರಶ್ನೆ ಕೇಳಿದಳು: “ನಾನೇ ರೋಗಿ, ನಾನೇ ನರ್ಸ್ ಅಂದ್ರ, ನನ್ನ ರಿಪೋರ್ಟ್ ನಾನೇ ತಿದ್ದಬಹುದೇನ್ರಿ? ಹಂಗ ಆಗಬಾರದ್ರಿ.” ಅದು ಸರಿಯಾದ ಮಾತು. ಒಂದು ಚಿಕಿತ್ಸೆಯಲ್ಲಿ ರೋಗಿಯಾಗಿರುವವರು ಅದೇ ಚಿಕಿತ್ಸೆಯಲ್ಲಿ ಸಿಬ್ಬಂದಿಯ ಪಾತ್ರ ವಹಿಸುವಂತಿಲ್ಲ ಎಂಬ ನಿಯಮ ನಕ್ಷೆಗೆ ಸೇರಿತು. ಹೊಸ ಸಾಫ್ಟ್‌ವೇರ್ ಸಿದ್ಧವಾಗಿ ನೆಲೆಯೂರುವಷ್ಟರಲ್ಲಿ ವರ್ಷ ಉರುಳಿತ್ತು. ಅಷ್ಟೂ ಕಾಲ ಮೂರೂ ಆಸ್ಪತ್ರೆಗಳಲ್ಲಿ ಹಾಜರಿ ಪುಸ್ತಕ ಮರಳಿ ಬಂದಿತ್ತು.

ಈಗ ನಾನು ಟ್ರಸ್ಟಿನಲ್ಲಿಲ್ಲ. ಬೇರೆ ಬೇರೆ ಕಚೇರಿಗಳ ಸಾಫ್ಟ್‌ವೇರ್ ಪರಿಶೀಲನೆಗೆ ಹೋಗುತ್ತಿರುತ್ತೇನೆ. ಎಲ್ಲಾ ಕಡೆಯೂ ಒಬ್ಬರಾದರೂ ಎದುರಿಗೆ ಕುಳಿತವರ ಕಷ್ಟ ಕೇಳದೆ, ಪರದೆಯ ಕಡೆ ಬೆರಳು ತೋರಿಸಿ “ಸಿಸ್ಟಮ್ ಹಾಂಗ ತೋರಸ್ತದ್ರಿ, ನಾವೇನ್ ಮಾಡೂದು?” ಎನ್ನುತ್ತಾರೆ. ಮೊದಲು ಇಂಥ ಮಾತು ಕೇಳಿದಾಗ ಕೋಡ್ ತೆರೆದು ನೋಡುತ್ತಿದ್ದೆ. ಈಗ ಕೋಡ್ ಆಮೇಲೆ. ಹಾಗೆಯೇ ತೋರಿಸು ಎಂದು ಅದಕ್ಕೆ ಹೇಳಿಕೊಟ್ಟವರು ಯಾರು, ಅವರನ್ನು ಮೊದಲು ಇಲ್ಲಿಗೆ ಕರೆಸಿ ಎಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತೇನೆ.